ಒಂಬತ್ತು ತುಂಬಿದ ಕೆಂಚನ ಪಾಲಿಸಿ

ಹಿರಿಯೂರು

ಸಿರಿ,

ನಿನ್ನ ಲ್ಯಾಬ್ರಡಾರ್ ನಾಯಿ ಕೆಂಚನ ವಿಮೆ ಈ ವರ್ಷವೂ ಕಟ್ಟಲೋ ಬಿಡಲೋ ಎಂದು ಕೇಳಿದ್ದೀಯ. ಕಂತು ಏರಿದೆ, ಅವನಿಗೆ ಒಂಬತ್ತು ತುಂಬಿದೆ, ಸರಿ. ಆದರೆ ‘ಬಿಟ್ಟರೆ ಅವನ ಕೈಬಿಟ್ಟ ಹಾಗಾಗಲ್ವಾ ತಾತ’ ಅಂದೆಯಲ್ಲ, ಅದು ನನ್ನನ್ನು ಕಾಡಿತು. ಕಂತಿಗೂ ಅಕ್ಕರೆಗೂ ಗಂಟು ಹಾಕಬೇಡ ಮಗಳೇ.

ದನಕರುಗಳ ವಿಮೆ ಮಾಡಿಸುತ್ತಲೇ ನನ್ನ ಅರ್ಧ ಆಯಸ್ಸು ಈ ತಾಲ್ಲೂಕಿನಲ್ಲಿ ಸವೆಯಿತು. ಮಾರಿಕಣಿವೆ ನಾಲೆಯ ನೀರು ಕಂಡ ಊರುಗಳಲ್ಲಿ ಹಸು, ಎಮ್ಮೆ. ಧರ್ಮಪುರದ ಕಡೆಯ ಒಣನೆಲದಲ್ಲಿ ಕುರಿ. ಪಶುವೈದ್ಯರಿಂದ ಬೆಲೆ ಬರೆಸಿ, ಕಿವಿಗೆ ಗುರುತಿನ ಓಲೆ ಹೊಡೆಸಬೇಕು. ಹಸು ಸತ್ತರೆ ಆ ಓಲೆ ತಂದು ತೋರಿಸಬೇಕು. ಓಲೆ ಕಳೆದರೆ ದುಡ್ಡೂ ಕಳೆಯಿತು. ಸಬ್ಸಿಡಿ ವಿಮೆಯಲ್ಲಿ ಹಸುವಿಗೆ 10 ವರ್ಷ, ಎಮ್ಮೆಗೆ 12, ಕುರಿಗೆ 7 ಎಂದು ಗೆರೆ ಎಳೆದಿದ್ದರು. ಗೆರೆ ದಾಟಿದ ಹಸುವನ್ನು ಮಾರಿದವರಿದ್ದರು, ಇಲ್ಲವೆನ್ನಲಾರೆ. ಆದರೆ ವಿಮೆ ಸಿಗಲಿಲ್ಲವೆಂದು ಕೊಟ್ಟಿಗೆಯ ಮುದಿ ಹಸುವಿಗೆ ಮೇವು ನಿಲ್ಲಿಸಿದ ಹೆಂಗಸನ್ನು ನಾನು ಕಾಣಲಿಲ್ಲ. ಇನ್ನು ಕುರಿ ಸತ್ತರೆ ಸರ್ಕಾರದ ಅನುಗ್ರಹ ಯೋಜನೆಯಲ್ಲಿ 5000 ರೂಪಾಯಿ ಕೊಡುತ್ತಿದ್ದರು. ರಾತ್ರಿಯೆಲ್ಲ ಹಟ್ಟಿ ಕಾಯುವ ನಾಯಿಗೆ ಏನೂ ಇಲ್ಲ!

ನಿಮ್ಮ ಬೆಂಗಳೂರಿನ ನಾಯಿ ಪಾಲಿಸಿಗಳಿಗೂ ಇಂಥದೇ ಗೆರೆ. ಎಷ್ಟೋ ಪಾಲಿಸಿಗಳು ಹತ್ತರೊಳಗೇ ಮುಗಿಯುತ್ತವೆ, ದೈತ್ಯ ತಳಿಗಳಿಗೆ ಇನ್ನೂ ಬೇಗ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬಾಳುವ ಜಾತಿ. ಮಳೆ ಹನಿಯುವ ಹೊತ್ತಿಗೆ ಸರಿಯಾಗಿ ಕೊಡೆ ಮಡಚುವ ವ್ಯಾಪಾರ ಇದು.

ಕೆಂಚನ ಹಿಂಗಾಲಿನ ಕೀಲುನೋವು ಪಾಲಿಸಿ ಮಾಡಿಸಿದ ಮೇಲೆ ಬಂದದ್ದು ತಾನೆ? ನವೀಕರಿಸಿದರೆ ಅದಕ್ಕೆ ಹಣ ಸಿಗುತ್ತದೋ ಇಲ್ಲವೋ, ಬರಹದಲ್ಲೇ ಉತ್ತರ ತರಿಸಿಕೋ. ಏಜೆಂಟನ ಬಾಯಿಮಾತು ನಂಬಬೇಡ, ಆ ಬಾಯಿ ನನಗೂ ಇತ್ತು. ಅಗ್ಗವೆಂದು ಬೇರೆ ಕಂಪನಿಗೆ ಹಾರಿದರೆ ಅದೇ ನೋವನ್ನು ಅವರು ‘ಹಳೇ ಕಾಯಿಲೆ’ ಎಂದು ಹೊರಗಿಡುತ್ತಾರೆ.

ನನ್ನ ಮಾತು ಇಷ್ಟು. ಶಸ್ತ್ರಚಿಕಿತ್ಸೆ, ಆಸ್ಪತ್ರೆ ಖರ್ಚಿನ ಭಾಗ ಮಾತ್ರ ಉಳಿಸಿಕೊಂಡು ಈ ಒಂದು ವರ್ಷ ಕಟ್ಟು. ಕಳವು, ತಪ್ಪಿಸಿಕೊಂಡರೆ ಪರಿಹಾರ ಇವೆಲ್ಲ ತೆಗೆಸು. ಸೋಫಾದಿಂದ ಇಳಿಯಲು ಯೋಚಿಸುವವನನ್ನು ಯಾರು ಕದಿಯುತ್ತಾರೆ? ಸತ್ತರೆ ಕೊಡುವ ಹಣವೂ ಬೇಡ. ಆ ಬೆಲೆಯನ್ನು ಅವರು ತಳಿ, ವಯಸ್ಸು ನೋಡಿ ಬರೆಯುತ್ತಾರೆ, ಅಕ್ಕರೆ ನೋಡಿ ಅಲ್ಲ. ಆತಕೂರಿನ ಶಾಸನ ಓದಿದ್ದೀಯಲ್ಲ? ಸುಮಾರು 950ರದು. ಯುದ್ಧದ ಶೌರ್ಯಕ್ಕೆ ಮೆಚ್ಚಿ ರಾಜ ಏನು ಬೇಕೆಂದರೆ ಯೋಧ ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ವಿಮೆಯ ಯಾವ ಸರ್ವೇಯರ್ ನಾಯಿಗೆ ಅಷ್ಟು ಬೆಲೆ ಒಪ್ಪುತ್ತಿದ್ದ ಹೇಳು!

ಕೆಂಚನಿಗೆ ಹತ್ತು ತುಂಬಿದ ಮೇಲೆ ಕಂತಿನ ದುಡ್ಡನ್ನು ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿನಗೆ ಹತ್ತಿರವೇ ಇದೆ. ನಾಳೆ ಗಡ್ಡೆಯೋ ಮೂತ್ರಪಿಂಡದ ತೊಂದರೆಯೋ ಬಂದರೆ ಎಲ್ಲಿಯವರೆಗೆ ಕತ್ತರಿ ಆಡಿಸುವುದು, ಎಲ್ಲಿಗೆ ನಿಲ್ಲಿಸುವುದು ಎಂದು ಈಗಲೇ, ಅವನು ಬಾಲ ಆಡಿಸುತ್ತಿರುವಾಗಲೇ, ನಿಮ್ಮಮ್ಮನ ಜೊತೆ ಕೂತು ಮಾತಾಡಿಕೋ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಇದೆಲ್ಲ ಹೊಳೆಯುವುದಿಲ್ಲ.

ದಸರೆಗೆ ಬರುವಾಗ ಅವನನ್ನೂ ಕರೆದುಕೊಂಡು ಬಾ. ಶಿರಾ ಹತ್ತಿರ ಇಳಿಸಿ ನಾಲ್ಕು ಹೆಜ್ಜೆ ನಡೆಸು, ಇಲ್ಲದಿದ್ದರೆ ಕಾಲು ಹಿಡಿದುಕೊಳ್ಳುತ್ತದೆ. ನಿಮ್ಮಜ್ಜಿಗೆ ಮಾತ್ರ ಮೊದಲೇ ಫೋನ್ ಮಾಡಿ ಹೇಳು: ಹೋಳಿಗೆ ಹಾಕಿದರೆ ತೂಕ ಏರಿ ಕೀಲು ಇನ್ನಷ್ಟು ಹಾಳು ಅಂತ. ನಾನು ಹೇಳಿದರೆ ಕೇಳುವುದಿಲ್ಲ.

ಇಂತಿ ನಿನ್ನ ಪ್ರೀತಿಯ
ತಾತ