ಜಾಗ ನೋಡುವುದಾದರೆ ಜುಲೈ ತಿಂಗಳ ರಾತ್ರಿ ನೋಡು

ಮಗಾ, ಹೊಳೆಬದಿಯ ತೋಟದ ತುದಿಯಲ್ಲಿ ಎರಡು ಬಿಡಾರ ಕಟ್ಟಿಸಿ, ಮಂಚ, ಕಪಾಟು, ಗ್ಯಾಸ್ ಒಲೆ ಎಲ್ಲ ಇಟ್ಟು, ಹೊರಗಿನಿಂದ ಬರುವ ನರ್ಸ್‌ಗಳಿಗೆ ಬಾಡಿಗೆಗೆ ಕೊಡುತ್ತೇನೆ ಎಂದು ಮೊನ್ನೆ ಹೇಳಿದೆಯಲ್ಲ. ಯೋಚನೆ ಕೇಳಿ ನನಗೆ ಸಂತೋಷವಾಯಿತು. ಜಾಗ ಮಾತ್ರ ಮನಸ್ಸಿಗೆ ಬರಲಿಲ್ಲ. ಅಂದು ಊಟದ ಹೊತ್ತು, ಎಲ್ಲರೂ ಇದ್ದರು, ಅದಕ್ಕೆ ಸುಮ್ಮನಿದ್ದೆ.

ನಿನ್ನ ದೊಡ್ಡಮ್ಮ 32 ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ದುಡಿದವಳು. ಒಂದು ಟ್ರಂಕು, ಒಂದು ಚಾಪೆ ಹಿಡಿದುಕೊಂಡು ಎಷ್ಟೋ ಬಾಡಿಗೆ ಕೋಣೆ ಹತ್ತಿ ಇಳಿದಿದ್ದೇನೆ. ಒಂದು ಕಡೆ ಕೋಣೆ ಚಂದವಿತ್ತು, ಬಾಡಿಗೆಯೂ ಕಡಿಮೆ. ಆದರೆ ರಸ್ತೆಯಿಂದ ಅಲ್ಲಿಗೆ ಹೋಗಲು ಇದ್ದದ್ದು ಅಡಿಕೆ ಮರದ ಕಾಲುಸಂಕ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದರೆ ಸಂಕದ ಮೇಲೆ ನೀರು. ಆಚೆ ದಡದಲ್ಲಿ ನಿಂತ ಮನೆಯ ಯಜಮಾನರು, ‘ಸ್ವಲ್ಪ ಹೊತ್ತು ಕಾಯಿರಿ ಸಿಸ್ಟರ್, ಇಳಿಯುತ್ತದೆ’ ಎಂದರು. ಹನ್ನೆರಡು ಗಂಟೆ ನಿಂತು ದುಡಿದ ಕಾಲು, ಒದ್ದೆ ಸೀರೆ. ಮಧ್ಯಾಹ್ನದವರೆಗೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ.

2019ರ ಆಗಸ್ಟ್ ನೀನು ಮರೆತಿರಲಾರೆ. ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ಹೊಳೆ ತೋಟಕ್ಕೇ ನುಗ್ಗಿತು, ಸಂಕಗಳು ಕೊಚ್ಚಿಹೋದವು, ಘಾಟಿ ಮುಚ್ಚಿತು. ಕೆಳಗೆ ಬಂಟ್ವಾಳದಲ್ಲಿ ಹಳಬರು 1923ರ ಮತ್ತು 1974ರ ಬೊಳ್ಳವನ್ನು, ಅಂದರೆ ನೆರೆಯನ್ನು, ಇಂದಿಗೂ ಲೆಕ್ಕ ಹಾಕುತ್ತಾರೆ. ಹೊಳೆ ನೋಡಲು ಬರುವವರಿಗೆ ನಿನ್ನ ತೋಟ ಸ್ವರ್ಗ. ಡ್ಯೂಟಿಗೆ ಹೊರಡಬೇಕಾದವಳಿಗೆ ಅದು ಬೇಡ.

ನಮ್ಮಲ್ಲಿ ಮಧ್ಯಾಹ್ನದ ಪಾಳಿ ಮುಗಿಯುವುದು ರಾತ್ರಿ ಎಂಟಕ್ಕೆ. ಕೆಲಸ ಹಸ್ತಾಂತರಿಸಿ, ಬಟ್ಟೆ ಬದಲಾಯಿಸಿ ಹೊರಡುವಾಗ ಎಂಟೂವರೆ. ಯಾವ ಜಾಗವನ್ನೇ ನೋಡು, ಜುಲೈ ತಿಂಗಳಲ್ಲಿ, ಆ ಹೊತ್ತಿಗೆ, ಕರೆಂಟು ಹೋದಾಗ, ಬಸ್ ಇಳಿಯುವಲ್ಲಿಂದ ಬಾಗಿಲವರೆಗೆ ನಡೆದು ನೋಡು. ಒಬ್ಬನೇ ಹೋಗಬೇಡ, ನಿನ್ನ ಹೆಂಡತಿಯನ್ನು ಕರೆದುಕೊಂಡು ಹೋಗು. ಅವಳು ಎಲ್ಲಿ ಹೆಜ್ಜೆ ಚುರುಕು ಮಾಡುತ್ತಾಳೆ ಎಂದು ಗಮನಿಸು. ಬಾಗಿಲು ಹಾಕಿದ ಅಂಗಡಿಸಾಲು, ಬೆಳಕಿಲ್ಲದ ತಿರುವು, ಬಾರಿನ ಮುಂದಿನ ಗುಂಪು, ಇವು ಹಗಲು ಹನ್ನೊಂದಕ್ಕೆ ಬ್ರೋಕರ್ ಜೊತೆ ಹೋದವನಿಗೆ ಕಾಣುವುದಿಲ್ಲ.

ನನ್ನನ್ನು ಕೇಳಿದರೆ ಉಜಿರೆ. ಎಸ್‌ಡಿಎಂ ಆಸ್ಪತ್ರೆ ಅಲ್ಲೇ ಇದೆ, ಬೇರೆ ಖಾಸಗಿ ಆಸ್ಪತ್ರೆಯೂ ಇದೆ. ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೆ ಐದಾರು ಕಿಲೋಮೀಟರ್, ಧರ್ಮಸ್ಥಳದ ಶಾಂತಿವನ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗೆ ಹೋಗುವವರಿಗೂ ಬಸ್ಸು ಸಿಗುತ್ತದೆ. ಒಂದೇ ಆಸ್ಪತ್ರೆಯನ್ನು ನಂಬಿ ಮನೆ ಮಾಡಬೇಡ. ಅಮೆರಿಕದಲ್ಲಿ ಹೀಗೆ ಊರೂರು ತಿರುಗುವ ನರ್ಸ್‌ಗಳಿಗೆ ಸಾಮಾನ್ಯವಾಗಿ 13 ವಾರದ ಕರಾರು. ನಮ್ಮಲ್ಲಿ ಗುತ್ತಿಗೆಯವರು, ನಿಯೋಜನೆ ಮೇಲೆ ಬಂದವರು, ಕೇರಳದಿಂದಲೋ ಬಾಗಲಕೋಟೆಯಿಂದಲೋ ಮೊದಲ ಕೆಲಸಕ್ಕೆ ಬಂದ ಹುಡುಗಿಯರು. ಯಾರು ಎಷ್ಟು ದಿನ ಇರುತ್ತಾರೆಂದು ಅವರಿಗೇ ತಿಳಿದಿರುವುದಿಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಬರುವಂಥ ನಡು ಊರು ಬೇಕು. ಹತ್ತು ತಿಂಗಳ ಅಡ್ವಾನ್ಸ್ ಎಂದೆಲ್ಲ ಅವರನ್ನು ಕೇಳಬೇಡ. ಉಜಿರೆಯಲ್ಲಿ ಸಿಗದಿದ್ದರೆ ಗುರುವಾಯನಕೆರೆ ನೋಡು. ಕಾರ್ಕಳ, ವೇಣೂರು, ಮೂಡುಬಿದಿರೆ ಕಡೆಯ ದಾರಿ ಅಲ್ಲಿಂದಲೇ ಕವಲೊಡೆಯುವುದು, ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಹೋಗುವವರಿಗೆ ಅದೇ ಅನುಕೂಲ.

ಆದರೆ ಹೆದ್ದಾರಿಗೆ ಅಂಟಿಕೊಂಡ ಮನೆ ಬೇಡ. ರಾತ್ರಿ ಪಾಳಿಯವಳು ಮಲಗುವುದು ಹಗಲು, ಇದನ್ನು ಎಷ್ಟು ಮನೆಯವರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಘಾಟಿ ಹತ್ತುವ ಲಾರಿಗಳ ಹಾರ್ನು, ಕಲ್ಯಾಣ ಮಂಟಪದ ವಾಲಗ, ಮರದ ಮಿಲ್ಲಿನ ಗರಗಸ ಕೇಳಿಸುವಲ್ಲಿ ಎಂಥ ಹಾಸಿಗೆ ಹಾಕಿದರೂ ನಿದ್ದೆ ಬಾರದು. ನಿದ್ದೆಯಿಲ್ಲದ ನರ್ಸಿನ ಕೈಯಲ್ಲಿ ಇಂಜೆಕ್ಷನ್ ಇರುತ್ತದೆ ಮಗಾ. ರಸ್ತೆಯಿಂದ ಎರಡು ಮನೆ ಒಳಗೆ, ನಡೆದರೆ ಐದು ನಿಮಿಷ, ಅಕ್ಕಪಕ್ಕ ಸಂಸಾರಸ್ಥರು. ಅಷ್ಟು ಒಳಗಿದ್ದರೆ ಸಾಕು, ಅದಕ್ಕಿಂತ ಒಳಗೆ ಬೇಡ.

ಇನ್ನೊಂದು ಮಾತು, ನಿನಗೆ ಇಷ್ಟವಾಗಲಿಕ್ಕಿಲ್ಲ. ಉಜಿರೆಯಿಂದ ಧರ್ಮಸ್ಥಳ ಒಂಬತ್ತೇ ಕಿಲೋಮೀಟರ್. ಕಾರ್ತಿಕದ ಲಕ್ಷದೀಪೋತ್ಸವ ಬಂತೆಂದರೆ ಮಂಚ ಇರುವ ಕೋಣೆಗೆ ಎಷ್ಟು ಕೇಳಿದರೂ ಕೊಡುವವರಿದ್ದಾರೆ. ಆ ನಾಲ್ಕು ದಿನದ ದುಡ್ಡಿಗಾಗಿ ಮಹಡಿಯನ್ನು ಯಾತ್ರಿಕರಿಗೆ ಬಿಟ್ಟೆಯಾದರೆ, ಕೆಳಗಿನ ಹುಡುಗಿಗೆ ಮೆಟ್ಟಿಲಲ್ಲಿ ದಿನಕ್ಕೊಂದು ಅಪರಿಚಿತ ಮುಖ. ಅವಳು ನಿನಗೆ ಏನೂ ಹೇಳುವುದಿಲ್ಲ, ತಿಂಗಳ ಕೊನೆಗೆ ಖಾಲಿ ಮಾಡುತ್ತಾಳೆ. ನರ್ಸ್‌ಗಳಿಗೆ ಎಂದ ಮೇಲೆ ನರ್ಸ್‌ಗಳಿಗೇ. ನಮ್ಮ ತಾಲೂಕಿನ ಎಷ್ಟು ಹೆಣ್ಣುಮಕ್ಕಳು ಗಲ್ಫ್‌ನಲ್ಲಿ, ಇಸ್ರೇಲಿನಲ್ಲಿ ಯಾರದೋ ಮನೆಯ ಕೋಣೆಯಲ್ಲಿದ್ದಾರೆ, ಅವರ ತಾಯಂದಿರ ಮುಖ ನೋಡಿದ್ದೀಯಲ್ಲ.

ಸಾಮಾನಿನ ಚಿಂತೆ ಆಮೇಲೆ. ಇನ್ವರ್ಟರ್ ಇರಲಿ, ಬೇಸಿಗೆಯಲ್ಲೂ ನೀರು ಬತ್ತದ ಬಾವಿ ಇರಲಿ, ಮಳೆಗಾಲದಲ್ಲಿ ಸಮವಸ್ತ್ರ ಒಣಗಿಸಲು ಶೀಟು ಹಾಕಿದ ಜಾಗವಿರಲಿ. ರೊಟ್ಟಿ ತಟ್ಟುವವರಿಗೆ ಒಂದು ದಪ್ಪ ತವಾ ನಾನೇ ಕೊಡುತ್ತೇನೆ.

ಉಜಿರೆಯಲ್ಲಿ ಒಳರಸ್ತೆಯ ಒಂದು ಹಳೇ ಹಂಚಿನ ಮನೆ ಖಾಲಿಯಾಗಿದೆಯಂತೆ. ಶನಿವಾರ ಸಂಜೆ ಏಳೂವರೆಗೆ ಬಾ, ಮಳೆ ಇದ್ದರೂ ಬಾ. ಕೊಡೆ ನನ್ನಲ್ಲಿ ಎರಡಿವೆ.