ಗುರುತುಗಳ ಗಣಿತದಲ್ಲಿ ಸಂಕಲನದೋಷ

ಮೂರಕ್ಷರದ ಗಣಗಳು ಎಂಟೇ ಏಕೆಂಬುದನ್ನು ಛಂದಸ್ಸು ಓದಿದ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. ಒಂದೊಂದು ಸ್ಥಾನದಲ್ಲಿಯೂ ಲಘು, ಇಲ್ಲವೇ ಗುರು, ಮೂರನೆಯದಕ್ಕೆ ಅವಕಾಶವಿಲ್ಲ. ಗಣಕಯಂತ್ರದ ಬಿಟ್ ಎಂಬುದೂ ಇಂತಹುದೇ ಒಂದು ಸ್ಥಾನ. ಅಲ್ಲಿರುವುದು ಸೊನ್ನೆ, ಇಲ್ಲವೇ ಒಂದು. ೧೯೭೨ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ರೂಪಿಸಿದ 'ಸಿ' ಭಾಷೆಯಲ್ಲಿ ಬರೆಯುವವರು ಉಂಟು-ಇಲ್ಲಗಳ ಹಲವು ಸಂಗತಿಗಳನ್ನು ಒಂದೇ ಸಂಖ್ಯೆಯ ಬಿಟ್‌ಗಳಲ್ಲಿ ಅಡಕಮಾಡುವುದು ವಾಡಿಕೆ. ಇವುಗಳಿಗೆ ಫ್ಲ್ಯಾಗ್ ಎಂದು ಹೆಸರು. ಕನ್ನಡದಲ್ಲಿ ಗುರುತು ಎಂದರೆ ಸಾಕು.

ದಾವಣಗೆರೆ ಜಿಲ್ಲೆಯಲ್ಲಿ ಬರಪರಿಹಾರ ಸಲ್ಲಬೇಕಾದ ತಾಲ್ಲೂಕುಗಳನ್ನು ಹೀಗೆ ಒಂದು ಸಂಖ್ಯೆಯಲ್ಲಿ ಬರೆದಿಡಬೇಕಾಗಿದೆಯೆಂದು ಕಲ್ಪಿಸಿಕೊಳ್ಳಬಹುದು. ಚನ್ನಗಿರಿಗೆ ೧, ಹೊನ್ನಾಳಿಗೆ ೨, ನ್ಯಾಮತಿಗೆ ೪, ಜಗಳೂರಿಗೆ ೮. ಹೊನ್ನಾಳಿ ಜಗಳೂರುಗಳೆರಡಕ್ಕೂ ಸಲ್ಲಬೇಕಾದರೆ ೧೦. ಈ ಹತ್ತನ್ನು ಪಡೆಯುವ ಶಾಸ್ತ್ರೀಯ ಮಾರ್ಗ 'ಅಥವಾ' ಎಂಬ ಬಿಟ್‌ಕ್ರಿಯೆ. 'ಸಿ'ಯಲ್ಲಿ ಅದರ ಚಿಹ್ನೆ ಒಂದು ನಿಲುಗೆರೆ. ಆದರೆ ೨ ಮತ್ತು ೮ನ್ನು ಸುಮ್ಮನೆ ಕೂಡಿದರೂ ಹತ್ತೇ ಬರುತ್ತದೆ. ದೋಷವು ಬಹುಕಾಲ ಮರೆಯಲ್ಲಿರುವುದಕ್ಕೆ ಇದೇ ಕಾರಣ.

ನ್ಯಾಮತಿಯ ವರದಿ ಎರಡು ಸಲ ಬಂದಿತೆನ್ನಿ. 'ಅಥವಾ' ಕ್ರಿಯೆಯಲ್ಲಿ ನಾಲ್ಕು ನಾಲ್ಕಾಗಿಯೇ ಉಳಿಯುತ್ತದೆ. ಗುರುವನ್ನು ಮತ್ತೊಮ್ಮೆ ಗುರುವೆಂದರೆ ಪಕ್ಕದ ಲಘು ಗುರುವಾಗುವುದಿಲ್ಲವಷ್ಟೆ. ಸಂಕಲನದಲ್ಲಿ ಹಾಗಲ್ಲ. ೪ + ೪ = ೮: ನ್ಯಾಮತಿ ಅಳಿಸಿಹೋಗಿ ಜಗಳೂರು ನಿಲ್ಲುತ್ತದೆ. ಜಗಳೂರು ಬರಕ್ಕೆ ಹೆಸರಾದ ಸೀಮೆಯಾದುದರಿಂದ ಪಟ್ಟಿಯಲ್ಲಿ ಅದನ್ನು ಕಂಡವರು ಶಂಕಿಸುವುದೂ ಇಲ್ಲ. ಪರಿಹಾರ ತಪ್ಪುವುದು ನ್ಯಾಮತಿಯ ರೈತನಿಗೆ. ಹೊನ್ನಾಳಿಯನ್ನು ಎರಡು ಸಲ ಕೂಡಿದರೆ ನ್ಯಾಮತಿಯೇ ಹುಟ್ಟುತ್ತದೆ. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕೆಂಬುದು ದಿಟವಾದರೂ ಬೇರ್ಪಟ್ಟ ಬಗೆ ಇದಲ್ಲ!

ವ್ಯವಕಲನವು ಇನ್ನೂ ಅಪಾಯಕರ. ಹೊನ್ನಾಳಿಯೊಂದೇ ಇರುವ ೨ರಿಂದ, ಅಲ್ಲಿಲ್ಲದ ಚನ್ನಗಿರಿಯ ೧ನ್ನು ಕಳೆದರೆ ಉಳಿಯುವುದು ೧. ತೆಗೆಯಬೇಕಾದದ್ದು ಬಂದು ಕುಳಿತಿತು, ಇರಬೇಕಾದದ್ದು ಹೋಯಿತು. ಚನ್ನಗಿರಿಯ ಬಿಟ್‌ಗಳನ್ನೆಲ್ಲ ವಿಪರ್ಯಯಗೊಳಿಸಿ, ಮೂಲಸಂಖ್ಯೆಯೊಡನೆ 'ಮತ್ತು' ಕ್ರಿಯೆ ನಡೆಸುವುದೇ ಅಳಿಸುವ ಸರಿಯಾದ ಕ್ರಮ.

ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್ ಇದನ್ನೇಕೆ ತಡೆಯುವುದಿಲ್ಲವೆಂಬ ಶಂಕೆ ಸಹಜ. ಅದರ ದೃಷ್ಟಿಯಲ್ಲಿ ಇವೆಲ್ಲ ಪೂರ್ಣಾಂಕಗಳು, ಪೂರ್ಣಾಂಕಗಳನ್ನು ಕೂಡುವುದು ಸಾಧು. ವಾಕ್ಯ ಶುದ್ಧ, ಅರ್ಥ ಕೆಟ್ಟಿದೆ. ಆದುದರಿಂದ ಪ್ರಯೋಗವನ್ನೇ ಸಾಕ್ಷಿಯಾಗಿ ಹಿಡಿಯಬೇಕು. ಒಂದೇ ಹೆಸರಿನ ಸ್ಥಿರಾಂಕವು ಒಂದೆಡೆ ನಿಲುಗೆರೆಯೊಡನೆ, ಇನ್ನೊಂದೆಡೆ ಕೂಡುವ ಚಿಹ್ನೆಯೊಡನೆ ಬಂದಿದ್ದರೆ ಎರಡನೆಯದು ಶಂಕಾಸ್ಪದ. ಲೀನಕ್ಸ್ ಕರ್ನೆಲಿನ ಮೂಲಪಾಠದೊಡನೆ ಇಂತಹುದೇ ಒಂದು ಶೋಧನಸೂತ್ರ ಸೇರಿದೆ. ಅದನ್ನು ನಡೆಸುವ ಉಪಕರಣ ಫ್ರಾನ್ಸಿನಲ್ಲಿ ಬೆಳೆದ ಕಾಕ್ಸಿನೆಲ್. ಆ ಮಾತಿಗೆ ಪೈರಿನ ಹೇನನ್ನು ತಿನ್ನುವ ಗುಲಗಂಜಿ ಹುಳುವೆಂದು ಅರ್ಥ. ಹೆಸರಿಟ್ಟವರ ರಸಿಕತೆ ಮೆಚ್ಚತಕ್ಕದ್ದು.

ಉಪಕರಣ ತೋರಿಸಿದ್ದೆಲ್ಲ ದೋಷವಲ್ಲ. ಕೂಡಿದ ಎರಡು ಸ್ಥಿರಾಂಕಗಳಿಗೆ ಸಮಾನವಾದ ಬಿಟ್ ಇಲ್ಲದಿದ್ದರೆ ಫಲ ಸರಿಯಾಗಿಯೇ ಇರುತ್ತದೆ. ಇದನ್ನು ಕಣ್ಣಿಟ್ಟು ಪರೀಕ್ಷಿಸಬೇಕಾದವನು ಮನುಷ್ಯನೇ. ವಿಶೇಷವಾಗಿ ಸಂಯುಕ್ತ ಗುರುತುಗಳಲ್ಲಿ ಎಚ್ಚರ ಬೇಕು. ಚನ್ನಗಿರಿ-ಹೊನ್ನಾಳಿಗಳೆರಡಕ್ಕೂ ೩ ಎಂಬ ಒಂದೇ ಹೆಸರಿಟ್ಟು, ಮುಂದೆ ಹೊನ್ನಾಳಿಯ ೨ನ್ನು ಕೂಡಿದರೆ ೫ ಆಗಿ, ಹೊನ್ನಾಳಿ ಮಾಯವಾಗಿ ನ್ಯಾಮತಿ ಸೇರಿಕೊಳ್ಳುತ್ತದೆ. ಸಂದೇಹ ಬಂದ ಕಡೆ ಪ್ರತಿಯೊಂದು ಗುರುತನ್ನೂ ಎರಡೆರಡು ಸಲ ಹಾಕಿ, ಎರಡೆರಡು ಸಲ ತೆಗೆದು, ಮೊದಲ ಸಲದ ಫಲವೂ ಎರಡನೆಯ ಸಲದ ಫಲವೂ ಒಂದೇ ಆಗಿವೆಯೇ ಎಂದು ನೋಡತಕ್ಕದ್ದು.