ಆರೋಗ್ಯ ಪ್ರಶ್ನೋತ್ತರ: ಹಟ ಹಿಡಿದ ಹಳೆಯ ಗಾಡಿಯೂ ಅದರ ಒಡೆಯನ ದೇಹವೂ

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಒಂದೆಡೆ ಇಟ್ಟುಕೊಂಡಿದ್ದೇನೆ. ಬರೆದವರು ಒಬ್ಬರನ್ನೊಬ್ಬರು ಅರಿಯದವರು; ಆದರೂ ಅವರೆಲ್ಲರ ವ್ಯಾಧಿಯ ಮೂಲವು ಮನೆಯ ಮುಂದೆ ನಿಂತ, ಒಂದೇ ಸಲಕ್ಕೆ ಸ್ಟಾರ್ಟ್ ಆಗಲೊಲ್ಲದ ಒಂದು ಹಳೆಯ ವಾಹನವೇ ಆಗಿದೆ. ನಮ್ಮ ತಂದೆಯವರು ಬಿಟ್ಟುಹೋದ ಕಾರೊಂದನ್ನು ಬಹುಕಾಲ ಜತನದಿಂದ ಕಾಪಾಡಿಕೊಂಡು ಬಂದವನಾದುದರಿಂದ, ಒಳ್ಳೆಯ ಮೇಸ್ತ್ರಿಯು ಎಂಜಿನ್ನನ್ನು ಪರೀಕ್ಷಿಸುವ ಕ್ರಮಕ್ಕೂ ವೈದ್ಯನು ರೋಗಿಯನ್ನು ಪರೀಕ್ಷಿಸುವ ಕ್ರಮಕ್ಕೂ ಇರುವ ಸಾದೃಶ್ಯವನ್ನು ನಾನು ಬಲ್ಲೆನು: ಇಬ್ಬರೂ ಮೊದಲು ಕೇಳಬೇಕು, ಅನಂತರ ನೋಡಬೇಕು, ಕಟ್ಟಕಡೆಗೆ ಬಿಚ್ಚಬೇಕು. ಈ ಪತ್ರಗಳಿಗೆ ಉತ್ತರಿಸುವಾಗ ದೇಹದ ಚಿಕಿತ್ಸೆಯೊಡನೆ ಗಾಡಿಯ ದೋಷವನ್ನೂ ಹೇಳದೆ ಗತ್ಯಂತರವಿಲ್ಲ. ಏಕೆಂದರೆ ಅಲ್ಲಿಯ ದೋಷ ಉಳಿದಿರುವವರೆಗೆ ಇಲ್ಲಿಯ ನೋವು ಮರಳಿ ಮರಳಿ ಬರುತ್ತಲೇ ಇರುತ್ತದೆ.

ಪ್ರಶ್ನೆ: ನನಗೆ 58 ವರ್ಷ, ಮಡಿಕೇರಿಯ ಹತ್ತಿರ ವಾಸ. ಮಳೆ ಹಿಡಿದಾಗಿನಿಂದ ದಿನಾ ಬೆಳಿಗ್ಗೆ ತಲೆನೋವು, ಓಕರಿಕೆ; ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಭಾನುವಾರ ಬರುವುದಿಲ್ಲ. ಕನ್ನಡಕ ಬದಲಾಯಿಸಿದೆ, ತಲೆಯ ಸ್ಕ್ಯಾನ್ ಮಾಡಿಸಿದೆ, ಬಿ.ಪಿ. ಸರಿಯಾಗಿದೆ. ನನ್ನ ಹೆಂಡತಿಗೂ ಆಗಾಗ ಹೀಗೇ ಆಗುತ್ತದೆ. ಮಗ ಇದೆಲ್ಲ ಮನಸ್ಸಿನ ಭ್ರಮೆ ಎನ್ನುತ್ತಾನೆ. ಇಂಥ ತಲೆನೋವಿನಲ್ಲೇ ಹಳೆಯ ಪೆಟ್ರೋಲ್ ಅಂಬಾಸಿಡರನ್ನು ಷೆಡ್ಡಿನೊಳಗೆ ಕಾಲು ಗಂಟೆ ಚೋಕ್ ಎಳೆದು ಬಿಸಿಮಾಡಿ ಕೆಲಸಕ್ಕೆ ಹೊರಡಬೇಕು. ಏನು ಮಾಡಲಿ?

ಉತ್ತರ: ತಮ್ಮದು ಭ್ರಮೆಯಲ್ಲ. ಪತ್ರದ ಕೊನೆಯಲ್ಲಿ ತಾವು ಬೇಸರದಿಂದ ಸೇರಿಸಿದ ಮಾತಿನಲ್ಲಿಯೇ ರೋಗನಿದಾನವು ಅಡಗಿದೆ. ಮಳೆಯ ಎರಚಲು ಒಳಗೆ ಬಾರದಿರಲೆಂದು ತಾವು ಷೆಡ್ಡಿನ ಬಾಗಿಲನ್ನು ಮುಚ್ಚಿ ಅಥವಾ ಅರೆತೆರೆದು ಇಟ್ಟುಕೊಳ್ಳುತ್ತಿರಬೇಕು; ಷೆಡ್ಡಿನಿಂದ ಮನೆಯೊಳಕ್ಕೆ, ಬಹುಶಃ ಅಡುಗೆಮನೆಯ ಕಡೆಗೇ, ಒಂದು ಬಾಗಿಲೋ ಕಿಟಕಿಯೋ ಇರಬೇಕು. ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ಣವಾಗಿ ದಹಿಸದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಸುವ ಗುಣವೂ ಇಲ್ಲ. ಆದರೆ ನಮ್ಮ ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಗಾಳಿಯಲ್ಲಿ ಅದರ ಅಂಶವು ಅತ್ಯಲ್ಪವಾಗಿದ್ದರೂ ಮಿದುಳು ಮತ್ತು ಹೃದಯಗಳು ಆಮ್ಲಜನಕಕ್ಕಾಗಿ ಹಸಿಯಲಾರಂಭಿಸುತ್ತವೆ. ಆ ಹಸಿವಿನ ಮೊದಲ ಕೂಗೇ ತಲೆನೋವು, ಎರಡನೆಯದು ಓಕರಿಕೆ, ಮೂರನೆಯದು, ಅದಕ್ಕೆ ಅವಕಾಶ ಕೊಟ್ಟವರ ಪಾಲಿಗೆ, ಎಚ್ಚರ ತಪ್ಪುವುದು.

ಪರೀಕ್ಷೆಗಳೆಲ್ಲ ಸರಿಯಾಗಿ ಬಂದುದಕ್ಕೂ ಕಾರಣವುಂಟು. ಶುದ್ಧವಾದ ಗಾಳಿಗೆ ಬಂದ ಮೇಲೆ ಈ ಅನಿಲವು ಸುಮಾರು 4ರಿಂದ 5 ಗಂಟೆಗಳಲ್ಲಿ ಅರ್ಧದಷ್ಟು ಹೊರಟುಹೋಗುತ್ತದೆ; ತಾವು ಸಂಜೆಯ ಹೊತ್ತಿಗೆ ವೈದ್ಯರ ಬಳಿಗೆ ಹೋದರೆ ಅವರಿಗೆ ಕಾಣುವುದೇನು? ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಂತೂ ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹಿಡಿದುದೆಂದೇ ಎಣಿಸಿ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಆದಕಾರಣ ತಲೆನೋವು ಇರುವಾಗಲೇ ರಕ್ತವನ್ನು ಕೊಟ್ಟು ಕಾರ್ಬಾಕ್ಸಿಹಿಮೋಗ್ಲೋಬಿನ್ ಪ್ರಮಾಣವನ್ನು ನೋಡಬೇಕೆಂದು ತಮ್ಮ ವೈದ್ಯರನ್ನು ಕೇಳಿಕೊಳ್ಳಿ. ಅದಕ್ಕೂ ಮೊದಲು, ನಾಳೆಯಿಂದಲೇ, ಗಾಡಿಯನ್ನು ಷೆಡ್ಡಿನೊಳಗೆ ಸ್ಟಾರ್ಟ್ ಮಾಡಿ ನಿಲ್ಲಿಸುವುದನ್ನು ಸಂಪೂರ್ಣವಾಗಿ ಬಿಡಿ. ಬಾಗಿಲು ತೆರೆದಿದ್ದರೆ ಸಾಕೆಂಬ ನಂಬಿಕೆಯೂ ತಪ್ಪು. ಸ್ಟಾರ್ಟ್ ಆದೊಡನೆ ಹೊರಗೆ ತಂದು, ಮಳೆಯಲ್ಲಾದರೂ ಸರಿಯೆ, ನಿಧಾನವಾಗಿ ಹೊರಟುಬಿಡಿ. ಓಡುತ್ತ ಬಿಸಿಯಾಗುವುದೇ ಎಂಜಿನ್ನಿಗೂ ಹಿತ. ಮುಂದೆ ಎಂದಾದರೂ ಇಬ್ಬರಿಗೂ ಒಟ್ಟಿಗೆ ತಲೆಸುತ್ತು ಬಂದರೆ, ಕಾರಣವನ್ನು ಚರ್ಚಿಸುತ್ತ ಕೂರದೆ ಮೊದಲು ಅಂಗಳಕ್ಕೆ ಬಂದು ನಿಲ್ಲಿ, ಅಲ್ಲಿಂದ ಆಮ್ಲಜನಕ ದೊರೆಯುವ ಆಸ್ಪತ್ರೆಗೆ ಹೋಗಿ.

ಇನ್ನು ಗಾಡಿಯ ವಿಷಯ. ಕಾಲು ಗಂಟೆ ಚೋಕ್ ಬೇಡುವ ಎಂಜಿನ್ನು ಸ್ವಸ್ಥವಾದುದಲ್ಲ. ಚೋಕ್ ಎಂದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗುವಂತೆ ಮಾಡುವ ಉಪಾಯವಾದುದರಿಂದ, ಅದನ್ನು ಎಳೆದಿಟ್ಟಷ್ಟು ಹೊತ್ತೂ ವಿಷಾನಿಲವು ಅಧಿಕವಾಗಿಯೇ ಉತ್ಪನ್ನವಾಗುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಸಿ ನೋಡಿ. ವೈದ್ಯನಿಗೆ ರೋಗಿಯ ನಾಲಗೆಯು ಹೇಗೋ ಮೇಸ್ತ್ರಿಗೆ ಪ್ಲಗ್ಗಿನ ತುದಿಯು ಹಾಗೆ. ತಿಳಿಯಾದ ಕಂದುಬಣ್ಣವಿದ್ದರೆ ಆರೋಗ್ಯ. ಒಣಗಿದ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಅತಿಯಾಗಿದೆ. ಎಣ್ಣೆಯ ಜಿಡ್ಡಿದ್ದರೆ ರಿಂಗುಗಳೋ ವಾಲ್ವುಗಳೋ ಸವೆದಿವೆ. ಸೈಲೆನ್ಸರಿನಿಂದ ಬರುವ ಹೊಗೆಯೂ ಇದನ್ನೇ ಹೇಳುತ್ತದೆ: ಕಪ್ಪು ಪೆಟ್ರೋಲಿನ ಅತಿರೇಕವನ್ನು, ನೀಲಿ ಎಣ್ಣೆ ಉರಿಯುವುದನ್ನು ಸೂಚಿಸುತ್ತದೆ; ಚಳಿಯಲ್ಲಿ ಮೊದಲು ಕಂಡು ಮಾಯವಾಗುವ ಬಿಳಿಯ ಆವಿಗೆ ಹೆದರಬೇಕಿಲ್ಲ. ತಮ್ಮ ಕಾರಿನಲ್ಲಿ ಚೋಕಿನ ತಂತಿಯು ಬಿಟ್ಟ ಮೇಲೂ ಪೂರ್ತಿ ಹಿಂದಿರುಗದೆ ಅಂಟಿಕೊಳ್ಳುತ್ತಿದೆಯೇ ಎಂಬುದನ್ನು ಮೊದಲು ನೋಡಿಸಿ. ಸೈಲೆನ್ಸರಿನ ಜೋಡಣೆಗಳಲ್ಲಿ ತೂತು ಬಿದ್ದಿದೆಯೇ, ಡಿಕ್ಕಿಯ ಬಾಗಿಲಿನ ರಬ್ಬರು ಹರಿದಿದೆಯೇ ಎಂಬುದನ್ನೂ ಬಿಡಬೇಡಿ. ಆ ಎರಡು ದೋಷಗಳು ಸೇರಿದಲ್ಲಿ ಓಡುವ ಕಾರೇ ಷೆಡ್ಡಾಗಿ ಪರಿಣಮಿಸುತ್ತದೆ.

ಪ್ರಶ್ನೆ: ವಯಸ್ಸು 46. ಮೈಸೂರಿನವನು. ನಮ್ಮ ಊರಲ್ಲೇ ತಯಾರಾದ ಯೆಜ್ಡಿ ಬೈಕನ್ನು ಇನ್ನೂ ಓಡಿಸುತ್ತೇನೆ. ಇಪ್ಪತ್ತು ಮೂವತ್ತು ಸಲ ಕಿಕ್ ಹೊಡೆಯದೆ ಸ್ಟಾರ್ಟ್ ಆಗುವುದಿಲ್ಲ. ಮೂರು ತಿಂಗಳಿಂದ ಮೊಣಕಾಲು ನೋವು. ಬೈಕ್ ಮಾರಬೇಕೇ?

ಉತ್ತರ: ಮಾರಬೇಕೆಂದು ನಾನು ಹೇಳಲಾರೆನು. ಯಾದವಗಿರಿಯ ಆ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತಾದರೂ, ಅಲ್ಲಿ ತಯಾರಾದ ಬೈಕುಗಳ ಮೇಲೆ ಮೈಸೂರಿನವರಿಗಿರುವ ಮಮತೆಯನ್ನು ನಾನು ಪ್ರತ್ಯಕ್ಷವಾಗಿ ಕಂಡಿದ್ದೇನೆ. ಯೆಜ್ಡಿಯಲ್ಲಿ ಗೇರಿನ ಲಿವರೇ ಕಿಕ್ಕರಾಗಿಯೂ ಕೆಲಸ ಮಾಡುತ್ತದೆಯಷ್ಟೆ; ಅದು ಸವೆದು ಒದೆತದ ನಡುವೆ ಜಾರಿದರೆ, ಭಾರ ಹೊತ್ತ ಕಾಲು ತಡೆಯಿಲ್ಲದೆ ಒಮ್ಮೆಲೇ ಚಾಚಿಕೊಂಡು, ಮೊಣಕಾಲಿನ ಎರಡು ಎಲುಬುಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಗೆ ಪೆಟ್ಟಾಗುತ್ತದೆ. ಕಾಲು ಮಡಿಸಿದಲ್ಲಿಯೇ ಸಿಕ್ಕಿಕೊಳ್ಳುವುದು, ಮಾರನೆಯ ದಿನ ಊದಿಕೊಳ್ಳುವುದು, ಮೆಟ್ಟಿಲಿಳಿಯುವಾಗ ಕೈಕೊಡುವುದು, ಇವುಗಳಲ್ಲಿ ಒಂದಿದ್ದರೂ ಮೂಳೆತಜ್ಞರನ್ನು ಕಾಣಿರಿ. ಇಲ್ಲವಾದಲ್ಲಿ ಕೆಲವು ವಾರ ಕಿಕ್ ಹೊಡೆಯುವುದನ್ನು ಬೇರೆಯವರಿಗೆ ಬಿಟ್ಟು, ಮಲಗಿ ಕಾಲನ್ನು ನೇರವಾಗಿ ಚಾಚಿ, ತೊಡೆಯ ಮುಂಭಾಗದ ಸ್ನಾಯುವನ್ನು ಹತ್ತು ಎಣಿಸುವವರೆಗೆ ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ದಿನಕ್ಕೆ ಎರಡು ಬಾರಿ, ಹತ್ತು ಹತ್ತು ಸಲ ಮಾಡಿರಿ.

ಆದರೆ ಇಪ್ಪತ್ತು ಕಿಕ್ಕು ಹೊಡೆಯುವುದು ಶೌರ್ಯವಲ್ಲ. ಐದನೆಯದಕ್ಕೆ ನಿಲ್ಲಿಸಿ ಪ್ಲಗ್ಗನ್ನು ಬಿಚ್ಚುವುದೇ ವಿವೇಕ. ಪ್ಲಗ್ಗು ಪೆಟ್ರೋಲಿನಿಂದ ತೊಯ್ದಿದ್ದರೆ ಓವರ್‌ಫ್ಲೋ ಆಗಿದೆ: ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಪ್ಲಗ್ಗನ್ನು ಒರೆಸಿ ಒಣಗಿಸಿ ಮತ್ತೆ ಹಾಕಿ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹೊಡೆಯಬೇಕು. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ: ನಲ್ಲಿಯನ್ನೂ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವನ್ನೂ ಕಾರ್ಬುರೇಟರಿನ ಜೆಟ್ಟನ್ನೂ ನೋಡಬೇಕು. ಇವೆರಡೂ ಸರಿಯಾಗಿದ್ದು ಕಿಡಿಯು ನೀಲಿಯಾಗಿರದೆ ಹಳದಿಯಾಗಿ ಬಳಲಿದ್ದರೆ ಪಾಯಿಂಟು ಅಥವಾ ಕಂಡೆನ್ಸರು ಕಾರಣ. ಎಲ್ಲವೂ ಸರಿಯಾಗಿದ್ದೂ ಗಾಡಿ ಹಟ ಹಿಡಿದರೆ, ಇದು ಟೂ ಸ್ಟ್ರೋಕ್ ಎಂಜಿನ್ನಾದುದರಿಂದ, ಕ್ರ್ಯಾಂಕಿನ ಆಯಿಲ್ ಸೀಲುಗಳು ಸವೆದು ಗಾಳಿಯನ್ನು ಎಳೆದುಕೊಳ್ಳುತ್ತಿರಬಹುದು. ಮೊಣಕಾಲನ್ನು ಎಷ್ಟು ದಂಡಿಸಿದರೂ ಆ ದೋಷ ಹೋಗದು. ಕಿಕ್ಕರು ತಿರುಗಿ ಒದೆಯುತ್ತಿದ್ದರಂತೂ ಟೈಮಿಂಗನ್ನು ತಡಮಾಡದೆ ನೋಡಿಸಿ, ಬರಿಗಾಲಿನಲ್ಲಾಗಲಿ ಚಪ್ಪಲಿಯಲ್ಲಾಗಲಿ ಹೊಡೆಯಬೇಡಿ.

ಪ್ರಶ್ನೆ: ರಾಯಚೂರು. ಬೇಸಿಗೆಯಲ್ಲಿ ನಮ್ಮ ಹಳೆಯ ಕಾರು ದಾರಿಯಲ್ಲಿ ನಿಂತಿತು. ನನ್ನ ತಮ್ಮ ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯಲು ಹೋಗಿ ನುಂಗಿಬಿಟ್ಟ, ಕೆಮ್ಮು ಹತ್ತಿತು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದೆವು. ಆಮೇಲೆ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದು ಬಂದ. ನಾವು ಮಾಡಿದ್ದು ತಪ್ಪೇ?

ಉತ್ತರ: ಅಂತಃಕರಣದಿಂದ ಮಾಡಿದಿರಿ, ಆದರೆ ಅದು ತಪ್ಪೇ. ಪೆಟ್ರೋಲು ಹೊಟ್ಟೆಗೆ ಹೋದುದಕ್ಕಿಂತ ಶ್ವಾಸಕೋಶಕ್ಕೆ ಹೋದುದು ಹೆಚ್ಚು ಅಪಾಯಕರ. ಬಹಳ ತೆಳುವಾದ ದ್ರವವಾದುದರಿಂದ ಕೆಲವೇ ಹನಿಗಳು ಒಳಗೆ ವಿಸ್ತಾರವಾಗಿ ಹರಡಿ ಉರಿಯೂತವನ್ನುಂಟುಮಾಡುತ್ತವೆ. ವಾಂತಿ ಮಾಡಿಸುವುದೆಂದರೆ ಅದಕ್ಕೆ ಶ್ವಾಸನಾಳದ ದಾರಿಯನ್ನು ಎರಡನೆಯ ಸಲ ತೋರಿಸಿಕೊಟ್ಟಂತೆ. ಹಾಲು, ಎಣ್ಣೆ, ಉಪ್ಪುನೀರು ಯಾವುದನ್ನೂ ಕುಡಿಸದೆ, ತೊಯ್ದ ಬಟ್ಟೆಯನ್ನು ತೆಗೆಸಿ, ಮೈ ತೊಳೆಸಿ, ಬೀಡಿ ಬೆಂಕಿಗಳನ್ನು ದೂರವಿರಿಸಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಆಗ ಆರಾಮವಾಗಿ ಕಂಡವನಿಗೂ ಕೆಲವು ಗಂಟೆಗಳ ಅನಂತರ ಕೆಮ್ಮು ಜ್ವರಗಳು ಕಾಣಿಸಿಕೊಳ್ಳುವುದುಂಟು.

ಇಷ್ಟಕ್ಕೂ ಅಂದು ಪೆಟ್ರೋಲನ್ನು ಎಳೆಯುವ ಅಗತ್ಯವೇ ಇದ್ದಿರಲಾರದು. ಬಿರುಬಿಸಿಲಿನಲ್ಲಿ ಎಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪು ಕಾದು, ನಳಿಗೆಯೊಳಗಿನ ಪೆಟ್ರೋಲು ಆವಿಯಾಗಿ, ದ್ರವವನ್ನು ತಳ್ಳಬೇಕಾದ ಪಂಪು ಆವಿಯನ್ನು ಹಿಸುಕುತ್ತ ಸೋತುನಿಂತಿರಬೇಕು. ಹಳೆಯ ಡ್ರೈವರುಗಳು ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ ನೆರಳಲ್ಲಿ ಅರ್ಧ ಗಂಟೆ ಕಾಯುತ್ತಿದ್ದುದು ಈ ಕಾರಣದಿಂದಲೇ, ಮತ್ತು ಆ ಚಿಕಿತ್ಸೆಯು ಇಂದಿಗೂ ಸರಿಯಾದುದೇ.

ಪ್ರಶ್ನೆ: ನಮ್ಮ ಎಸ್ಟೇಟಿನ ಜೀಪಿನ ಬ್ಯಾಟರಿಗೆ ವೈರ್ ಕೊಡುವಾಗ ಸಿಡಿದು ಆಸಿಡ್ ಕಣ್ಣಿಗೆ ಬಿದ್ದರೆ ಹಾಲು ಹಾಕಬೇಕೋ, ಸೋಡಾಪುಡಿಯ ನೀರೋ? (ಮೂಡಿಗೆರೆಯ ಓದುಗಿತಿ)

ಉತ್ತರ: ಎರಡೂ ಬೇಡಮ್ಮ. ಕೊಳಾಯಿಯ ನೀರು, ಬರಿಯ ನೀರು; ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ಗಡಿಯಾರ ನೋಡಿಕೊಂಡು ಕನಿಷ್ಠ 20 ನಿಮಿಷ ಹರಿಸಿ, ಆಮೇಲೆ ಕಣ್ಣಿನ ವೈದ್ಯರ ಬಳಿಗೆ ಓಡಿ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೊಜನ್ನಿಗೆ ಕಿಡಿ ತಗುಲಿದುದೇ ಸಿಡಿತಕ್ಕೆ ಕಾರಣವಾದುದರಿಂದ, ಪ್ಲಸ್ಸಿಗೆ ಪ್ಲಸ್ಸು ಸೇರಿಸಿದ ಮೇಲೆ ಮೈನಸ್ ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಕೊಡದೆ ಅದರಿಂದ ದೂರದಲ್ಲಿ ಎಂಜಿನ್ನಿನ ಕಬ್ಬಿಣಕ್ಕೆ ಕೊಡಬೇಕು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಹಾಸನ, 66 ವರ್ಷ, ಸಕ್ಕರೆ ಕಾಯಿಲೆ ಇದೆ. ನಮ್ಮ ಪ್ರೀಮಿಯರ್ ಪದ್ಮಿನಿಗೆ ಸೆಲ್ಫ್ ಹೊಡೆದರೆ ಟಕ್ ಎಂದು ಸುಮ್ಮನಾಗುತ್ತದೆ. ಮೊಮ್ಮಗನೂ ನಾನೂ ದಿನಾ ತಳ್ಳಿ ಸ್ಟಾರ್ಟ್ ಮಾಡುತ್ತೇವೆ. ಎರಡು ವಾರದಿಂದ ತಳ್ಳುವಾಗ ಎದೆಯ ಮೇಲೆ ಭಾರ ಇಟ್ಟಂತೆ ಆಗಿ ದವಡೆಯವರೆಗೆ ಹಿಡಿಯುತ್ತದೆ, ಕೂತರೆ ಹೋಗುತ್ತದೆ. ತೋಳಿಗೆ ಶಕ್ತಿ ಬರಲು ಯಾವ ವ್ಯಾಯಾಮ ಮಾಡಲಿ?

ಉತ್ತರ: ಮೇಷ್ಟ್ರೇ, ತಮ್ಮ ಪತ್ರವನ್ನು ಓದಿ ನಾನು ಗಾಬರಿಗೊಂಡೆನು. ಇದು ತೋಳಿನ ದೌರ್ಬಲ್ಯವಲ್ಲ. ಶ್ರಮಪಟ್ಟಾಗ ಬಂದು ವಿಶ್ರಾಂತಿಯಲ್ಲಿ ಅಡಗುವ, ದವಡೆಗೆ ಏರುವ ಎದೆಭಾರವು ಹೃದಯದ ರಕ್ತನಾಳಗಳು ಸಂಕುಚಿತವಾಗಿರುವುದರ ಲಕ್ಷಣವೆಂದೇ, ಬೇರೆಯೆಂದು ಸಿದ್ಧವಾಗುವವರೆಗೆ, ಭಾವಿಸತಕ್ಕದ್ದು. ಅದರಲ್ಲಿಯೂ ಎರಡು ವಾರದಿಂದ ಹೊಸದಾಗಿ ತೊಡಗಿದ್ದು, ಸಕ್ಕರೆ ಕಾಯಿಲೆಯೂ ಇರುವಲ್ಲಿ ಉದಾಸೀನವು ಸಲ್ಲದು. ಇಂದೇ ಆಸ್ಪತ್ರೆಗೆ ಹೋಗಿರಿ. ಸುಮ್ಮನೆ ಮಲಗಿದಾಗ ತೆಗೆದ ಇ.ಸಿ.ಜಿ. ಸರಿಯಾಗಿ ಬಂದರೂ ಅಷ್ಟಕ್ಕೇ ಹಿಂದಿರುಗಬೇಡಿ. ತಳ್ಳುವಾಗ ಬರುವ ನೋವಿನ ವಿಷಯವನ್ನು ಬಾಯಿಬಿಟ್ಟು ಹೇಳಿ, ಮುಂದಿನ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಭಾರವು ಕೂತರೂ ಹೋಗದಿದ್ದರೆ, ಬೆವರು ಒಸರಿದರೆ, ಉಸಿರು ಕಟ್ಟಿದರೆ, 108ಕ್ಕೆ ಕರೆಮಾಡಿಸಿ.

ಕಾರನ್ನು ಮೊಮ್ಮಗ ನೋಡಲಿ. ಹೆಡ್‌ಲೈಟುಗಳನ್ನು ಹಾಕಿಟ್ಟು ಸೆಲ್ಫ್ ಹೊಡೆಯುವುದೇ ಮೊದಲ ಪರೀಕ್ಷೆ: ದೀಪಗಳು ಕಂದಿಹೋದರೆ ಬ್ಯಾಟರಿ ಇಳಿದಿದೆ, ಇಲ್ಲವೆ ಟರ್ಮಿನಲ್ಲಿನ ಮೇಲೆ ಬಿಳಿಹಸಿರು ಪುಡಿ ಕಟ್ಟಿ ಸಂಪರ್ಕ ಸಡಿಲವಾಗಿದೆ, ದೀಪಗಳು ಉಜ್ಜ್ವಲವಾಗಿಯೇ ಇದ್ದು ಟಕ್ ಎಂಬ ಸದ್ದಷ್ಟೇ ಬಂದರೆ ಸೆಲ್ಫ್ ಮೋಟಾರಿನ ಕಾರ್ಬನ್ನುಗಳೋ ಸೊಲೆನಾಯ್ಡೋ ಸವೆದಿವೆ. ವಿಶ್ರಾಂತಿಯಲ್ಲಿರುವ ಪೂರ್ಣ ಚಾರ್ಜಿನ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸಬೇಕು. ಅನೇಕ ವೇಳೆ ಟರ್ಮಿನಲ್ಲುಗಳನ್ನು ಬಿಸಿನೀರಿನಿಂದ ತೊಳೆದು ಬಿಗಿಮಾಡಿದರೆ ಕೆಲಸ ಮುಗಿಯುತ್ತದೆ. ಅಂಥ ಅಲ್ಪವಾದ ದೋಷಕ್ಕಾಗಿ ತಾವು ದಿನವೂ ಹೃದಯವನ್ನು ಪಣಕ್ಕೊಡ್ಡುತ್ತಿದ್ದಿರಿ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಆಸ್ಪತ್ರೆಗೆ ಆಟೋದಲ್ಲಿ ಹೋಗಿರಿ, ಮೊಮ್ಮಗನನ್ನು ಜೊತೆಗೆ ಕರೆದುಕೊಳ್ಳಿ. ಕಾರು ಮನೆಯ ಮುಂದೆಯೇ ನಿಂತಿರಲಿ.